ದೀಪದ ಬದಲು ಖರ್ಜೂರ ಸರಬರಾಜಾದ ಬಗ್ಗೆ

ಖರ್ಜೂರ ಹಾಗೂ ಪ್ರಾಥಮಿಕ ಶಿಕ್ಷಣ ಇಲಾಖೆ
(ಕಚ್ಚಾ ಎಣ್ಣೆ ಬೆಲೆ ಕುಸಿದು ಬೊಕ್ಕಸ ಬರಿದಾದ ವರ್ಷ ಒಂದೇ ಸೂರಿನಡಿ ತರಲಾದದ್ದು)
ಐನ್ ಸಮ್ರಾ, ದಕ್ಷಿಣ ಅಲ್ಜೀರಿಯಾ

ಸಂಖ್ಯೆ: ಖಪ್ರಾಶಿ/ಬೆಳಕು/ಹಣ್ಣು/೧೭

ವಿಷಯ: ‘ನೂರ್’ ಪದದ ಸ್ಪಷ್ಟೀಕರಣ ಹಾಗೂ ಎಣ್ಣೆ ಬೆಲೆಗೆ ತಕ್ಕಂತೆ ಪಾಠ ಮಾಡುವ ಕುರಿತು.

ಉಲ್ಲೇಖ: ೧) ಮುಖ್ಯೋಪಾಧ್ಯಾಯಿನಿ ಉಮ್ಹಾನಿ ಬೆಲ್ಖೈರ್ ಅವರ ಮನವಿ. ೨) ಅದೇ ಮನವಿ, ದಪ್ಪ ಅಕ್ಷರದಲ್ಲಿ. ೩) ಸದರಿಯವರೇ, ಖುದ್ದಾಗಿ.

೧. ಐದನೇ ತರಗತಿಯ ಕೋಣೆಗೆ ಕಿಟಕಿ ಇಲ್ಲ, ಮುಂದಿನ ತಿಂಗಳು ಪರೀಕ್ಷೆ ಇದೆ, ಆದಕಾರಣ ‘ನೂರ್’ ಒದಗಿಸಬೇಕೆಂದು ಕೋರಲಾಗಿತ್ತು. ನೂರ್ ಎಂದರೆ ಬೆಳಕೆಂಬುದನ್ನು ಇಲಾಖೆ ಬಲ್ಲದು. ಆದರೆ ನಮ್ಮ ಉಗ್ರಾಣದಲ್ಲಿ ನೂರ್ ಎಂದರೆ ದೆಗ್ಲತ್ ನೂರ್ ಖರ್ಜೂರ ಮಾತ್ರ. ಅದರಂತೆ ಮೊದಲ ದರ್ಜೆಯ ಹಣ್ಣನ್ನೇ ಕಳುಹಿಸಲಾಗಿದೆ.

೨. ಸದರಿಯವರು ಪೆಟ್ಟಿಗೆಯನ್ನು ಅಧೀಕ್ಷಕರ ಮೇಜಿನ ಮೇಲೆ ಕುಕ್ಕಿ, “ಏನ್ರೀ ಲಖ್ದರ್, ನಾನ್ ಕೇಳಿದ್ದು ಬಲ್ಬು! ಈ ಹಣ್ಣನ್ನ ಹೋಲ್ಡರಿಗೆ ಸಿಕ್ಕಿಸಿದ್ರೆ ಹತ್ಕೊಳ್ಳುತ್ತಾ? ನೀವೇ ಬಂದು ಸಿಕ್ಕಿಸಿ ತೋರ್ಸಿ!” ಎಂದದ್ದನ್ನು ತಾಂತ್ರಿಕ ಸಲಹೆಯೆಂದು ಪರಿಗಣಿಸಿ, ಸಮಿತಿ ರಚಿಸಿ, ಪ್ರಯೋಗ ನಡೆಸಲಾಯಿತು. ದೀಪ ಹತ್ತಲಿಲ್ಲ. ಇರುವೆ ಹತ್ತಿದವು.

೩. ಉಳಿದ ಹಣ್ಣನ್ನು ಮಕ್ಕಳೂ ಸಮಿತಿಯೂ ತಿಂದಿರುವುದರಿಂದ ‘ನೂರ್’ ಸ್ವೀಕೃತವಾಗಿದೆ. ಅದೇ ಬಾಬ್ತಿಗೆ ಮತ್ತೆ ಬಲ್ಬು ಕೊಡಲು ನಿಯಮದಲ್ಲಿ ಅವಕಾಶವಿಲ್ಲ.

೪. ಎಣ್ಣೆ ಬೆಲೆ ಇಳಿದ ದಿನಗಳಲ್ಲಿ ಸೀಮೆಸುಣ್ಣ ಉಳಿಸಲು ಅರಬ್ಬಿ ಅಕ್ಷರಗಳನ್ನು ಸ್ವರಚಿಹ್ನೆ ಬಿಟ್ಟು ಬರೆಯತಕ್ಕದ್ದು. ಇನ್ನೂ ಇಳಿದರೆ ಅಕ್ಷರದ ಚುಕ್ಕಿಗಳನ್ನೂ ಬಿಡತಕ್ಕದ್ದು. ಚುಕ್ಕಿ ಹೋದರೆ ಹಲವು ಅಕ್ಷರಗಳು ಒಂದೇ ಆಗುವುದರಿಂದ ವರ್ಷದ ಪಾಠ ಬೇಗ ಮುಗಿಯುವುದೆಂದು ಅಂದಾಜಿಸಲಾಗಿದೆ.

೫. ಶಾಲೆಯ ಅಂಗಳಕ್ಕೆ ಕಾಣುವ ಎಣ್ಣೆ ಬಾವಿಯ ಅನಿಲದ ಜ್ವಾಲೆಯ ಬೆಳಕಿನಲ್ಲಿ ಓದುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಅದು ಸುಮ್ಮನೆ ಉರಿದುಹೋಗಲು ಮಂಜೂರಾದ ಬೆಳಕು.

೬. ಕೊನೆಯ ಬೆಂಚಿನ ಹದ್ದಾ ಎಂಬ ವಿದ್ಯಾರ್ಥಿನಿ, “ಟೀಚರ್, ಇವತ್ತು ಬೋರ್ಡು ಯಾವ ಕಡೆ ಇದೆ?” ಎಂದು ಕೇಳಿರುವುದು ಗಮನಕ್ಕೆ ಬಂದಿದೆ. ಬೋರ್ಡು ಎಂದಿನ ಕಡೆಯೇ ಇದೆಯೆಂದು ತಿಳಿಸಲಾಗಿದೆ. ಸದರಿ ಹದ್ದಾ ಕೆಳಗೆ ಸಹಿ ಮಾಡಿರುವವರ ಮಗಳು. ಆಕೆ ನಿನ್ನೆ ಊಟಕ್ಕೆ ಕೂತಾಗಲೂ, “ಅಪ್ಪಾ, ಬಲ್ಬು ಕೊಡೋ ಸಾಹೇಬ್ರು ಯಾರು? ನೀನು ಹೇಳಿದ್ರೆ ಕೇಳಲ್ವಾ?” ಎಂದಿದ್ದಾಳೆ. ಪ್ರಶ್ನೆಯನ್ನು ದಾಖಲಿಸಿಕೊಳ್ಳಲಾಗಿದೆ. ವಿಷಾದಿಸಲಾಗಿದೆ.

(ಸಹಿ)
ಲಖ್ದರ್ ಬೂಸಾಲಿಮ್
ಅಧೀಕ್ಷಕರು, ಹಣ್ಣು ಮತ್ತು ಹಲಗೆ ವಿಭಾಗ

ಪ್ರತಿಗಳು:
೧. ಉಗ್ರಾಣ ಪಾಲಕರಿಗೆ. ಖಾಲಿ ಪೆಟ್ಟಿಗೆ ವಾಪಸು ಪಡೆಯುವುದು.
೨. ಮುಖ್ಯೋಪಾಧ್ಯಾಯಿನಿಯವರಿಗೆ. ಅಂಗಳಕ್ಕೆ ಬಂದು ಬಿಸಿಲಿನಲ್ಲಿ ಈ ಪತ್ರ ಓದಿಕೊಳ್ಳುವುದು.
೩. ಇರುವೆ ನಿವಾರಣಾ ಶಾಖೆಗೆ, ತುರ್ತಾಗಿ.
೪. ಸಹಿದಾರರ ಪತ್ನಿಯವರಿಗೆ. ನಮ್ಮ ಅಡುಗೆಮನೆಯ ಬಲ್ಬು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ನಾಳೆ ಹದ್ದಾಳ ಚೀಲದಲ್ಲಿಟ್ಟು ಕಳುಹಿಸುವುದು. ಇಲಾಖೆಗೆ ತಿಳಿಸತಕ್ಕದ್ದಲ್ಲ.