ಮೂರನೇ ಮಹಡಿಯ ಹುಳುಗಳು

ನನ್ನ ಮೊಮ್ಮಗಳನ್ನು ಮೂರನೇ ಮಹಡಿಯ ಹುಳುಗಳು ಕಸಿದುಕೊಂಡವು, ನಡೆದದ್ದು ಇಷ್ಟೇ. ಸಂಶೋಧನೆ, ಹವಾಮಾನ ಬದಲಾವಣೆ ಎಂದು ಮನೆಯವರು ದೊಡ್ಡ ದೊಡ್ಡ ಮಾತಾಡುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದೆಲ್ಲ ತಿಳಿಯುವುದಿಲ್ಲ. ಹೊಟ್ಟೆಕಿಚ್ಚು ಪಡಲು ಶಾಲೆ ಬೇಕಾಗಿಯೂ ಇಲ್ಲ.

ಕಾಲೇಜಿನ ಕೆಲಸಕ್ಕೆಂದು ಮೇಘಾ ಬೇಸಿಗೆಯಿಡೀ ಪುಣೆಯಲ್ಲಿ ನನ್ನ ಬಳಿ ಇರುತ್ತಾಳೆಂದು ತಿಳಿದು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೆ. ನಾಗಪುರದಿಂದ ಬಂದವಳು ಚೀಲ ಇಳಿಸಿ ನೇರ ಬಾಲ್ಕನಿಗೆ ಹೋಗಿ ನನ್ನ ಕರಿಬೇವಿನ ಎಲೆಗಳನ್ನು ತಿರುವಿ ನೋಡತೊಡಗಿದಳು.

“ಅಜ್ಜಿ, ಒಂದು ಹುಳಾನೂ ಇಲ್ಲಲ್ಲ?”

“ಹೆಂಗ ಇರ್ತಾವ? ವಾರಕ್ಕೊಮ್ಮೆ ಹುಳಿ ಮಜ್ಜಿಗಿ ಹೊಡೀತೀನಿ!”

ಹೊಗಳುತ್ತಾಳೆಂದುಕೊಂಡರೆ ಮುಖ ಸಣ್ಣಗೆ ಮಾಡಿದಳು. ಕರಿಬೇವಿನ ಮೇಲೆ ಚಿಟ್ಟೆಗಳು ಮೊಟ್ಟೆ ಇಡುತ್ತವಂತೆ. ಬಿಸಿಲು ಹೆಚ್ಚಾದಂತೆ ಒಂದು ಕಡೆಯ ಚಿಟ್ಟೆಗಳು ಇನ್ನೊಂದು ಕಡೆ ಹೋಗಿ, ಬೇರೆ ಜಾತಿಯವುಗಳ ಜೊತೆ ಕೂಡಿ ಬೆರಕೆ ಮರಿ ಮಾಡುತ್ತವೆಯೇ ಎಂದು ಇವಳು ನೋಡಬೇಕಂತೆ. ಅದಕ್ಕೆ ಹುಳು ಸಾಕಿ, ರೆಕ್ಕೆ ಬಂದ ಮೇಲೆ ಬಣ್ಣ ಪರೀಕ್ಷಿಸಬೇಕಂತೆ.

“ನಿಮ್ಮಪ್ಪ ಮರಾಠಿ ಹುಡುಗಿನ್ನ ಮಾಡಿಕೊಂಡಾಗ ನಿನ್ನ ಬಣ್ಣ ನೋಡಾಕ ಯಾರೂ ಬಂದಿದ್ದಿಲ್ಲ ಬಿಡವಾ.”

“ನೀನಽ ಬಂದಿದ್ದೆಂತ ಅಜ್ಜಿ, ತೊಟ್ಟಿಲದಾಗ ಬಗ್ಗಿ ಬಗ್ಗಿ ನೋಡಿದೆಂತ!”

ಸುಳ್ಳೇನಲ್ಲ.

ಮೂರನೇ ಮಹಡಿಯ ಶಾಲಿನಿಯ ಕರಿಬೇವು ಮಾತ್ರ ಹುಳುಗಳ ಧರ್ಮಶಾಲೆ. ಆಕೆ ಗಿಡಕ್ಕೆ ನೀರು ಹಾಕುವುದೇ ಹೆಚ್ಚು. ಆ ಮೈಗಳ್ಳತನಕ್ಕೆ ಮೇಘಾ ‘ಪರಿಸರ ಪ್ರೇಮ’ ಎಂದು ಹೆಸರಿಟ್ಟಳು. ಬೆಳಿಗ್ಗೆ ಮೇಲೆ ಹತ್ತಿದವಳು ಇಳಿಯುವುದು ಸಂಜೆಗೆ. ಎಲೆ ಮೇಯುವ ಹುಳುವಿನ ಮುಂದೆ ತಾಸುಗಟ್ಟಲೆ ಕೂಡುವವಳಿಗೆ, ನಾನು ಮೊಣಕಾಲು ನೋವೆಂದರೆ ಕೇಳಲು ಪುರಸತ್ತಿಲ್ಲ.

ಮೊನ್ನೆ ಸಂಜೆ ಬಿಸಿ ರೊಟ್ಟಿ ಬಡಿದು ಕಾಯುತ್ತಿದ್ದೆ. ಬಂದವಳೇ, “ಹೊಟ್ಟಿ ತುಂಬೇದ ಅಜ್ಜಿ. ಶಾಲಿನಿ ಕಾಕು ಸಾಬೂದಾಣಿ ಖಿಚಡಿ ಮಾಡಿದ್ರು, ಭಾಳ ಮಸ್ತ್ ಆಗಿತ್ತು” ಎಂದಳು.

ರೊಟ್ಟಿಯ ಬುಟ್ಟಿಯ ಮೇಲೆ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮರುದಿನ ಬೆಳಿಗ್ಗೆ ಮೇಘಾ ಏಳುವ ಮೊದಲೇ ನನ್ನ ಗಿಡದ ಎಲೆ ಎಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಮಜ್ಜಿಗೆಯ ವಾಸನೆ ತೆಗೆದೆ. ಮೊಣಕಾಲು ಹಿಡಿದುಕೊಂಡು ಮೂರನೇ ಮಹಡಿ ಹತ್ತಿ, ಒಗ್ಗರಣೆಗೆ ಒಂದೆಸಳು ಕರಿಬೇವು ಬೇಕೆಂದು ಶಾಲಿನಿಯನ್ನು ಕೇಳಿದೆ. ಅವರ ಮನೆಯಿಂದ ಉಪ್ಪನ್ನೂ ತಂದವಳಲ್ಲ ನಾನು. ಗಿಡವೆಲ್ಲ ಹುಡುಕಿ, ದಪ್ಪನೆಯ ಹುಳು ಕೂತಿದ್ದ ಎಸಳನ್ನೇ ಮುರಿದುಕೊಂಡೆ. ಅದರ ಮೇಲೆ ಹುಳು ಇದೆ ಎಂದು ಆಕೆ ಮರಾಠಿಯಲ್ಲಿ ಕೂಗಿದಳು. ಇರಲಿ ಬಿಡು ಎಂದು ನಾನೂ ಮರಾಠಿಯಲ್ಲೇ ಹೇಳಿ, ಅದು ಬೀಳದಂತೆ ಸೆರಗು ಅಡ್ಡ ಹಿಡಿದು ಮೆಟ್ಟಿಲು ಇಳಿದೆ.