ನಡುಗುವ ಗಾಡಿ, ಬೀಸುವ ಕಲ್ಲು

ಹಾವೇರಿಯ ಬೈಪಾಸಿನ ಹತ್ತಿರ ನನ್ನದೊಂದು ಗ್ಯಾರೇಜು. ಊರಿನಲ್ಲಿ ಮಲಗಿಕೊಂಡೇ ಅನ್ನ ದುಡಿಯುವವನು ನಾನೊಬ್ಬನೇ ಎಂದು ಹೆಂಡತಿ ಚೇಷ್ಟೆ ಮಾಡುತ್ತಾಳೆ. ಗಾಡಿಯ ಕೆಳಗೆ ಅಂಗಾತ ಮಲಗಿ ಇಪ್ಪತ್ತೆಂಟು ವರ್ಷ ಆಯಿತು. ಈ ಧಂದೆಯಲ್ಲಿ ಗಾಡಿ ತಂದವರು ಒಂದು ಹೇಳುತ್ತಾರೆ, ಗಾಡಿ ಇನ್ನೊಂದು ಹೇಳುತ್ತದೆ, ನಿಜ ಮೂರನೆಯದೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಹೀಗಾಗದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಆದರೆ ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರ ಪಿಕಪ್ ಗಾಡಿಯನ್ನು ನೆನೆದರೆ ಮಾತ್ರ ನಗುವೂ ಬರುತ್ತದೆ, ಕೈಯೂ ತಾನಾಗಿ ಮುಗಿಯುತ್ತದೆ.

೧. ನಾಲ್ಕು ಎತ್ತಿನ ನ್ಯಾಯ

ಸಾಹುಕಾರರು ಗಾಡಿಯಿಂದ ಇಳಿದವರೇ ಹೇಳಿದರು: "ಮಿಸ್ತ್ರಿ, ಮುಂದಿನ ಡಿಫರೆನ್ಸಿಯಲ್ ನಡಗತೈತಿ. ಅಮಾಸಿಗೆ ನಮ್ಮವ್ವನ್ನ ಗಳಗನಾಥಕ್ಕ ಹೊಳಿ ಜಳಕಕ್ಕ ಕರಕೊಂಡ ಹೋಗಬೇಕು. ಹೊಳಿ ದಂಡಿ ದಾರಿ ಎಲ್ಲಾ ಎರಿ ಮಣ್ಣು, ಫೋರ್ ವೀಲ್ ಹಾಕದ ದಾಟಂಗಿಲ್ಲ. ನಡಗೂ ಗಾಡಿ ನಾ ಹತ್ತಂಗಿಲ್ಲ ಅಂತಾಳ ಆಕಿ. ನಿಮ್ಮ ಕಡೆ ಆಗದಿದ್ರ ಹೇಳಿಬಿಡ್ರಿ, ಹುಬ್ಬಳ್ಳಿಗೆ ಒಯ್ತೇನಿ."

ಈ ಕೊನೆಯ ಮಾತು ಕೇಳಿದರೆ ಹಾವೇರಿಯ ಯಾವ ಮಿಸ್ತ್ರಿಗಾದರೂ ಮೈ ಉರಿಯುತ್ತದೆ. ಇಲ್ಲಿ ಆಗದೆ ಗಾಡಿ ಹುಬ್ಬಳ್ಳಿಗೆ ಹೋಯಿತೆಂದರೆ ಅದರ ಹಿಂದೆಯೇ ನನ್ನ ಹೆಸರೂ ಹೋಯಿತು. ಸಂಜೆಯೊಳಗೆ ಬ್ಯಾಡಗಿ ಯಾರ್ಡಿನ ಹಮಾಲರೆಲ್ಲ ಅದನ್ನೇ ಮಾತಾಡುತ್ತಾರೆ. ಅಮಾವಾಸ್ಯೆಗೆ ಎಂಟು ದಿನ ಇತ್ತು. "ಹುಬ್ಬಳ್ಳಿ ಮಾತ ಯಾಕ್ರಿ, ನಾ ಇದ್ದೇನಲ್ಲ," ಎಂದುಬಿಟ್ಟೆ.

ಪರೀಕ್ಷೆಗೆಂದು ಸಾಹುಕಾರರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೈವೇಗೆ ಬಂದೆ. ತಿರುವಿನಲ್ಲಿ ಸ್ಟೇರಿಂಗ್ ಮೊಂಡು ಹಿಡಿಯಿತು, ಮುಂಭಾಗ ಗರಗರ ಎಂದಿತು. ನೋಡಿದರೆ ನಾಲ್ಕೂ ಗಾಲಿಗೆ ಎಳೆತ ಕೊಡುವ ಫೋರ್ ವೀಲ್ ಹಾಕಿಯೇ ಇದೆ. ಡಾಂಬರು ರಸ್ತೆಯಲ್ಲಿ ಇದನ್ನು ಹಾಕಬಾರದು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಜಗ್ಗಾಟ ಆಗುತ್ತದೆ ಎಂದು ತಿಳಿಸಿ ಹೇಳಿದೆ. ಯಾವಾಗಿನಿಂದ ಹೀಗೆ ಓಡಿಸುತ್ತಿದ್ದೀರಿ ಎಂದು ಕೇಳಿದೆ.

"ಗಾಡಿ ತಂದ ದಿನದಿಂದ," ಎಂದರು ಸಾಹುಕಾರರು. "ನಾಕ ಎತ್ತು ಹೂಡಿದ ಮ್ಯಾಲ ಎರಡ ದುಡಿಯೂದು, ಎರಡ ಸುಮ್ನ ಜೋಡಿ ನಡಿಯೂದು, ಇದ ಯಾವ ನ್ಯಾಯ ಮಿಸ್ತ್ರಿ?"

ಇಪ್ಪತ್ತೆಂಟು ವರ್ಷದಲ್ಲಿ ಗಾಲಿಗಳ ಪರವಾಗಿ ನ್ಯಾಯ ಕೇಳಿದವರನ್ನು ನಾನು ಅವತ್ತೇ ಮೊದಲು ಕಂಡದ್ದು. ಫೋರ್ ವೀಲ್ ತೆಗೆದ ಮೇಲೆ ಡಾಂಬರಿನಲ್ಲಿ ಗಾಡಿ ಹಗುರಾಗಿ ಓಡಿತು. ಆದರೆ ಮಣ್ಣಿನ ರಸ್ತೆಗೆ ಇಳಿಸಿ, ಫೋರ್ ವೀಲ್ ಹಾಕಿ, ವೇಗ ನಲವತ್ತು ದಾಟಿಸಿದೆನೋ ಇಲ್ಲವೋ, ಕಾಲ ಕೆಳಗೆ ದಬದಬ ಶುರುವಾಯಿತು. ಅಂದರೆ ರೋಗ ಬೇರೆಯೇ ಇತ್ತು.

"ನೋಡಿದ್ರಿಲ್ಲ?" ಎಂದರು ಸಾಹುಕಾರರು. "ಎರಡ ಎತ್ತ ಬಿಚ್ಚಿದ್ದಕ್ಕ ಸಿಟ್ಟಿಗೆದ್ದಾವ."

೨. ಒಂಟಿ ಸೀನು

ಮರುದಿನ ಕೆಳಗೆ ನುಗ್ಗಿದೆ. ಫೋರ್ ವೀಲ್ ಹಾಕಿದಾಗ ಮುಂದಿನ ಎರಡು ಗಾಲಿಗೆ ಎಳೆತ ಹಂಚುವುದು ಡಿಫರೆನ್ಸಿಯಲ್, ಅದನ್ನು ತಿರುಗಿಸಲು ಒಂದು ಉದ್ದನೆಯ ಶಾಫ್ಟ್ ಇರುತ್ತದೆ. ಅದರ ನಡುಮಧ್ಯೆ ಹಳದಿ ಬಟ್ಟೆಯ ಗಂಟೊಂದು ತಂತಿಯಿಂದ ಬಿಗಿದಿತ್ತು, ಮೇಲೆ ಕುಂಕುಮ. ಪೂಜೆ ಮಾಡಿಸಿದ್ದಾರೆ ಎಂದುಕೊಂಡು ಎದ್ದು ಬಂದು ಕೈ ತೊಳೆದೆ. ಗಂಟನ್ನು ಬಿಚ್ಚಿ ದೇವರ ಫೋಟೊದ ಮುಂದೆ ಇಟ್ಟೆ. ಒಳ್ಳೆ ಭಾರ ಇತ್ತು. ದೇವರ ಸಾಮಾನು, ಭಾರ ಇರಬೇಕಾದದ್ದೇ.

ಆ ಗಾಡಿ ದಿನಾ ಮೆಣಸಿನಕಾಯಿ ಚೀಲ ಹೊರುವಂಥದು. ಕೆಳಗಿನ ಬೋಲ್ಟು, ಸಂದು ಎಲ್ಲದರಲ್ಲೂ ಕೆಂಪು ಪುಡಿ. ಬೋಲ್ಟು ಬಿಚ್ಚುವ ಪಾನಾ ಹಚ್ಚಿ ಒಮ್ಮೆ ಜಗ್ಗುವುದರೊಳಗೆ ನನಗೊಂದು ಸೀನು ಬಂತು.

ಕುರ್ಚಿಯಲ್ಲಿ ಕೂತಿದ್ದ ಸಾಹುಕಾರರು ಎದ್ದೇ ನಿಂತರು. "ಒಂಟಿ ಸೀನು! ಪಾನಾ ಕೆಳಗಿಡ್ರಿ. ಇನ್ನೊಂದ ಬರೂತನಕ ಮುಟ್ಟಬ್ಯಾಡ್ರಿ."

ಬರುವಾಗ ಬರುವ ಸೀನು ಕರೆದರೆ ಬರುತ್ತದೆಯೇ? ಹದಿನೈದು ನಿಮಿಷ ಕಾದೆವು. ಕೊನೆಗೆ ಅವರೇ ಗಾಡಿಯ ಹಿಂದಿನ ತೊಟ್ಟಿಯ ಮೂಲೆಯಿಂದ ಒಂದು ಮುಷ್ಟಿ ಪುಡಿ ತಂದು ನನ್ನ ಮೂಗಿನ ಮುಂದೆ ಹಿಡಿದರು. "ಅಂಜಬ್ಯಾಡ್ರಿ, ಬ್ಯಾಡಗಿ ಕಾಯಿ ಬರೇ ಬಣ್ಣ, ಖಾರ ಇಲ್ಲ."

ಖಾರ ಇಲ್ಲದ ಆ ಕಾಯಿಗೆ ನಾನು ಒಂದರ ಹಿಂದೆ ಒಂದು ಸೀನಿದೆ. ಕಣ್ಣಲ್ಲಿ ನೀರು ಇಳಿಯಿತು. ಸಾಹುಕಾರರು ಬೆರಳು ಮಡಚಿ ಎಣಿಸುತ್ತಿದ್ದವರು ನಾನು ನಿಂತ ಕೂಡಲೇ ತಲೆ ಅಲ್ಲಾಡಿಸಿದರು. "ಮೊದಲಿಂದ ಹಿಡದು ಹದಿನೇಳು. ಮತ್ತ ಒಂಟಿನ ಬಂತಲ್ಲೊ ಮಾರಾಯಾ." ಇಷ್ಟು ಹೇಳುವುದರೊಳಗೆ ಅವರ ಕೈಯಲ್ಲಿದ್ದ ಪುಡಿ ಅವರ ಮೂಗಿಗೇ ಏರಿತು.

ಹದಿನೆಂಟನೆಯದನ್ನು ಅವರು ಸೀನಿದರು, ನಾನು ಪಾನಾ ಎತ್ತಿಕೊಂಡೆ.

೩. ರಾಣೆಬೆನ್ನೂರಿನ ಬಸಿ

ಶಾಫ್ಟಿನ ಎರಡೂ ತುದಿಯ ಜಾಯಿಂಟು ಸವೆದಿದ್ದವು, ಹೊಸವು ಹಾಕಿದೆ. ಕೈ ತೊಳೆದು ಗಂಟನ್ನು ಇದ್ದ ಜಾಗಕ್ಕೇ ಬಿಗಿದೆ. ಮಣ್ಣಿನ ರಸ್ತೆಗೆ ಒಯ್ದೆ. ದಬದಬ ಹಾಗೇ ಇತ್ತು. ಅಮಾವಾಸ್ಯೆಗೆ ನಾಲ್ಕು ದಿನ ಉಳಿಯಿತು, ನನ್ನ ನಿದ್ದೆ ಹಾರಿಹೋಯಿತು.

ಬೇರೆ ದಾರಿ ಕಾಣದೆ ಅದೇ ಗಾಡಿ ಹೊಡೆದುಕೊಂಡು ರಾಣೆಬೆನ್ನೂರಿಗೆ, ನನಗೆ ಕೆಲಸ ಕಲಿಸಿದ ಗುರುಗಳ ಹತ್ತಿರ ಹೋದೆ. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು, ಪಾನಾ ಬಿಟ್ಟು ಹತ್ತು ವರ್ಷ. ಗಾಡಿ ಹತ್ತುವ ಮೊದಲು ಕಪ್ಪಿನ ಕೆಳಗಿಡುವ ಬಸಿಯ ತುಂಬ ಚಹಾ ತರಿಸಿದರು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತು, "ಹೊಡಿ ತಮ್ಮಾ," ಎಂದರು. ಕಣ್ಣು ಮುಚ್ಚಿದ್ದರು. ಚಹಾ ಅವರ ಧೋತರದ ಮೇಲೆ ಚೆಲ್ಲಿತು. ಎಲ್ಲೆಲ್ಲಿ ಚೆಲ್ಲಿತೆಂದು ಬೆರಳಿನಿಂದ ಮುಟ್ಟಿ ನೋಡಿ, "ಡಿಫರೆನ್ಸಿಯಲ್ ಮುಂದಿನ ಬೇರಿಂಗ್ ಹೋಗೈತಿ. ಸಾಸಿವಿಕಾಳಿನಷ್ಟು," ಎಂದರು.

ಬಿಚ್ಚಿದೆ. ಬೇರಿಂಗಿನಲ್ಲಿ ಒಂದೇ ಒಂದು ಗುಳಿ, ಸಾಸಿವೆಕಾಳಿನಷ್ಟೇ. ಚಹಾದ ಬಸಿಯೊಳಗೆ ಇಷ್ಟನ್ನು ಕಾಣುವ ಮನುಷ್ಯನ ಶಿಷ್ಯ ನಾನು ಎಂದು ಹೆಮ್ಮೆ ಆಯಿತು. ಹೊಸ ಬೇರಿಂಗ್ ಕೂಡಿಸಿದೆ, ಶಾಫ್ಟ್ ಏರಿಸಿದೆ, ಕೈ ತೊಳೆದು ಗಂಟನ್ನೂ ಕಟ್ಟಿದೆ, ಓಡಿಸಿದೆ. ದಬದಬ.

ಅಂಜುತ್ತಲೇ ಫೋನು ಮಾಡಿದೆ. "ಗುರುಗಳ, ಬೇರಿಂಗ್ ನೀವು ಹೇಳಿದಂಗ ಇತ್ರಿ. ಆದ್ರ ಗಾಡಿ ಇನ್ನೂ ನಡಗತೈತ್ರಿ."

"ಬೇರಿಂಗ್ ಹೋಗೈತಿ ಅಂದಿದ್ದೆ," ಎಂದರು ಗುರುಗಳು. "ನಡಗೂದು ನಿಲ್ತೈತಿ ಅಂತ ನಾ ಯಾವಾಗ ಅಂದಿದ್ನಿ?"

೪. ಲಾಳ

ಅಮಾವಾಸ್ಯೆಯ ಹಿಂದಿನ ದಿನ ಸಾಹುಕಾರರು ತಾಯಿಯನ್ನೇ ಕರೆದುಕೊಂಡು ಬಂದರು. ಸಣ್ಣ ಜೀವ, ಇಳಕಲ್ ಸೀರೆ, ಕೈಯಲ್ಲಿ ಎಲೆ ಅಡಿಕೆ ಚೀಲ. ನಾನು ಸೋಲು ಒಪ್ಪಿಕೊಂಡೆ. "ಅವ್ವಾರ, ನನಗ ತಿಳಿದದ್ದೆಲ್ಲಾ ಮಾಡೇನ್ರಿ. ಇನ್ನ ಹುಬ್ಬಳ್ಳಿಗೇ ಒಯ್ರಿ." ಇಷ್ಟು ಹೇಳಿ ಗಾಡಿಯ ಕೀಲಿಕೈ ಸಾಹುಕಾರರ ಮುಂದೆ ಹಿಡಿದೆ.

"ಹುಬ್ಬಳ್ಳಿ ಎಲ್ಲಿ ಓಡಿ ಹೊಕ್ಕೈತಿ," ಎಂದರು ಮುದುಕಿ. "ಒಂದ ಸುತ್ತ ನನ್ನ ಕೂಡಿಸಿಕೊಂಡ ಹೊಡಿ."

ಮಣ್ಣಿನ ರಸ್ತೆಯಲ್ಲಿ ದಬದಬ ಶುರುವಾದಾಗ ಅವರು ಹೆದರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದರು. ಸ್ವಲ್ಪ ಹೊತ್ತಿಗೆ ಅವರ ಬಲಗೈ ಗಾಳಿಯಲ್ಲಿ ತಾನಾಗಿ ಸುತ್ತತೊಡಗಿತು, ಏನನ್ನೋ ಬೀಸಿದ ಹಾಗೆ.

"ಒಂದ ಮಗ್ಗಲಕ್ಕ ಭಾರ ಐತಿ," ಎಂದರು. "ಬೀಸೂ ಕಲ್ಲಿಗೆ ದಪ್ಪಂದು ಗೂಟ ಬಡದ್ರ ಸುತ್ತಿಗೊಮ್ಮೆ ಹಿಂಗ ಬಡೀತೈತಿ. ಇದರ ಕೆಳಗ ತಿರಗೂದು ಏನೈತಿ? ಅದಕ್ಕ ಏನ ಕಟ್ಟೀರಿ?"

ನಾನು ಬ್ರೇಕ್ ಒತ್ತಿದೆ. ಎರಡು ಸಲ ಕೈ ತೊಳೆದು, ಬಿಚ್ಚಿ, ಫೋಟೊದ ಮುಂದಿಟ್ಟು, ಮತ್ತೆ ಭಕ್ತಿಯಿಂದ ಬಿಗಿದ ಆ ಗಂಟು ಕಣ್ಣ ಮುಂದೆ ಬಂತು. ಅಲ್ಲೇ ರಸ್ತೆಯಲ್ಲಿ ಕೆಳಗೆ ನುಗ್ಗಿ ಬಿಚ್ಚಿ ತಂದೆ. ಬಟ್ಟೆಯೊಳಗೆ ಕುದುರೆಯ ಲಾಳ, ಒಳ್ಳೆ ದಪ್ಪನೆಯದು. ಯಾರು ಕಟ್ಟಿಸಿದ್ದು ಎಂದು ಕೇಳಿದೆ.

"ನಾನ," ಎಂದರು ಅವರು, ಮುಖದಲ್ಲಿ ಏನೂ ಬದಲಾಗಲಿಲ್ಲ. "ಗಾಡಿಗೆ ದೃಷ್ಟಿ ಆಗಬಾರದಂತ ಗಾಡಿ ತೊಳಿಯೂ ಹುಡುಗಗ ಹೇಳಿ ಕಟ್ಟಿಸಿದ್ದೆ."

"ಬಂಪರಿಗೆ ಕಟ್ಟಿಸಬೇಕಿತ್ತಲ್ರಿ ಅವ್ವಾರ?"

"ಕಾಣೂವಲ್ಲೆ ಕಟ್ಟಿದ್ರ ಲಾಳಕ್ಕ ದೃಷ್ಟಿ ಆಗಂಗಿಲ್ಲೇನೊ?"

ಲಾಳ ಇಲ್ಲದೆ ಗಾಡಿ ಓಡಿಸಿದೆ. ನಲವತ್ತು, ಐವತ್ತು, ಅರವತ್ತು. ಗಾಡಿ ನೀರಿನ ಹಾಗೆ ಹೋಯಿತು. ನಾನು ಅತ್ತೇಬಿಟ್ಟೆನೋ ಏನೋ, ಮೆಣಸಿನಪುಡಿ ಎಂದು ಕಣ್ಣು ಒರೆಸಿಕೊಂಡೆ. ಮುದುಕಿ ಮಾತ್ರ ಒಪ್ಪಲಿಲ್ಲ. ಲಾಳ ಇಲ್ಲದ ಗಾಡಿ ಹತ್ತುವುದಿಲ್ಲ ಎಂದು ರಸ್ತೆಯಲ್ಲೇ ಇಳಿದು ನಿಂತರು. ಬಂಪರಿಗೆ ಬೇಡ, ಡ್ಯಾಶ್‌ಬೋರ್ಡಿಗೆ ಬೇಡ. ಕಟ್ಟಿದ್ದು ಕಟ್ಟಿದಲ್ಲೇ ಇರಬೇಕು.

"ಮತ್ತ ನಡಗತೈತ್ರಿ," ಎಂದೆ.

"ಯಾಕ ನಡಗತೈತಿ? ನಮ್ಮವ್ವ ಬೀಸೂ ಕಲ್ಲಿಗೆ ಎದರಾ ಎದರ ಇನ್ನೊಂದ ಗೂಟ ಬಡಸಿದ್ಲು, ಕಲ್ಲು ಸುಮ್ನಾತು. ಇದರ ಜೋಡಿ ಲಾಳ ನಮ್ಮ ಹೊಸ್ತಲಕ್ಕ ಬಡದೈತಿ. ಕಿತ್ತ ತಂದು ಆ ಮಗ್ಗಲಕ್ಕ ಕಟ್ಟು."

ದೊಡ್ಡ ದೊಡ್ಡ ಊರಲ್ಲಿ ಮಷಿನ್ ಇಟ್ಟು ಶಾಫ್ಟ್ ಬ್ಯಾಲೆನ್ಸ್ ಮಾಡುತ್ತಾರೆ. ಅದರ ಮರ್ಮವೂ ಇಷ್ಟೇ, ಒಂದು ಕಡೆಯ ಭಾರಕ್ಕೆ ಎದುರು ಭಾರ. ಶಾಲೆಯ ಮೆಟ್ಟಿಲು ಹತ್ತದ ಈ ತಾಯಿ ಅದನ್ನು ಜೋಳ ಬೀಸುತ್ತ ಕಲಿತಿದ್ದರು. ನಾನು ರಸ್ತೆಯ ಧೂಳಿನಲ್ಲೇ ಬಗ್ಗಿ ಅವರ ಕಾಲು ಮುಟ್ಟಿದೆ. ಹೊಸ್ತಿಲಿನ ಲಾಳ ತರಿಸಿ, ಎರಡೂ ಲಾಳ ತೂಗಿ, ಒಂದರ ಅಂಚು ಸ್ವಲ್ಪ ಉಜ್ಜಿ ಸಮ ಮಾಡಿ, ಎದುರುಬದುರು ಗಟ್ಟಿ ಕ್ಲಾಂಪಿನಲ್ಲಿ ಬಿಗಿದೆ. ಗಾಡಿ ನಡುಗಲಿಲ್ಲ. ಮರುದಿನ ಅಮಾವಾಸ್ಯೆಗೆ ಅವ್ವಾರು ಗಳಗನಾಥಕ್ಕೆ ಹೋಗಿ ಹೊಳೆಯಲ್ಲಿ ಮುಳುಗು ಹಾಕಿ ಬಂದರು, ಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರಂತೆ.

ಸುದ್ದಿ ಬ್ಯಾಡಗಿ ಯಾರ್ಡಿಗೆ ಮುಟ್ಟಿತು. ಆದರೆ ಮುಟ್ಟುವಾಗ ಅರ್ಧವೇ ಮುಟ್ಟಿತು: ಹಾವೇರಿ ಮಿಸ್ತ್ರಿ ಲಾಳ ಕಟ್ಟಿ ನಡುಕ ನಿಲ್ಲಿಸುತ್ತಾನೆ. ಮುಂದಿನ ವಾರ ಲಾಳ ಹಿಡಿದುಕೊಂಡು ಮೂರು ಗಾಡಿ ಬಂದವು, ಅದರಲ್ಲಿ ಒಂದು ಸ್ಕೂಟರು. ತಿಳಿಸಿ ಹೇಳಿ ಕಳಿಸುವುದರೊಳಗೆ ಸಾಕಾಯಿತು.

ಆಮೇಲೆ ಒಂದು ಮುಂಜಾನೆ ಫೋನು ಬಂತು. ಹುಬ್ಬಳ್ಳಿಯ ಗ್ಯಾರೇಜಿನವರು, ನನಗಿಂತ ದೊಡ್ಡ ಮಿಸ್ತ್ರಿ. ದನಿ ಸಣ್ಣದು ಮಾಡಿ ಕೇಳಿದರು: "ಇಲ್ಲೊಂದ ಫೋರ್ ವೀಲ್ ಗಾಡಿ ಬಂದೈತ್ರಿ, ಮುಂದ ನಡಗತೈತಿ. ಏನ ಮಾಡಿದ್ರೂ ನಿಲ್ಲವಲ್ದು. ಒಂದ ಮಾತ ಹೇಳ್ರಿ, ಲಾಳಾ ಕುದರಿ ಮುಂಗಾಲಂದ ಆಗಬೇಕೊ, ಹಿಂಗಾಲಂದೊ?"

ಖರೇ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಹುಬ್ಬಳ್ಳಿಯವರು ಹಾವೇರಿಯವನನ್ನು ಕೇಳುತ್ತಿರುವ ಆ ಸುಖ ಹೇಳಗೊಡಲಿಲ್ಲ.

"ಸ್ವಲ್ಪ ತಡೀರಿ," ಎಂದೆ. "ನಮ್ಮ ಹೆಡ್ ಮಿಸ್ತ್ರಿ ಬ್ಯಾಡಗ್ಯಾಗ ಇರ್ತಾರ, ಅವ್ವಾರನ್ನ ಕೇಳಿ ಹೇಳ್ತೇನಿ."