ಊರ ಉತ್ತರಕ್ಕೆ ಹರಿಯುವ ನದಿ

ಹತಾಶೆ ಎಂಬುದು ಒಂದೇ ಬಗೆಯದು ಎಂದು ನಿವೃತ್ತನಾಗುವ ತನಕ ನಾನು ನಂಬಿದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ಕನಿಷ್ಠ ಐದು ಹೆಸರುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ಅಂತರವಿದೆ ಎಂಬ ಸಂಗತಿಯನ್ನು ನನಗೆ ತಿಳಿಸಿದವಳು ಚೀನಾ ದೇಶದ ಒಬ್ಬ ಶಾಲಾ ಶಿಕ್ಷಕಿ. ತಿಳಿಸಿದಳು ಎನ್ನುವುದಕ್ಕಿಂತ ಕೇಳಿದಳು ಎಂದರೆ ಸರಿ. ‘ಸರ್, ಡೆಸ್ಪೇರ್‌ಗೂ ಡೆಸ್ಪಾಂಡೆನ್ಸಿಗೂ ಏನು ವ್ಯತ್ಯಾಸ?’ ಎರಡನ್ನೂ ನಾನು ಅನುಭವದಿಂದ ಬಲ್ಲೆನೇ ಹೊರತು ಬಿಡಿಸಿ ಹೇಳಲಾರೆ. ‘ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ’ ಎಂದೆ. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಮಾಸ್ತರನಾಗಿದ್ದವನಿಗೆ ಈ ಒಂದು ವಾಕ್ಯವಾದರೂ ಸರಾಗವಾಗಿ ಬರುತ್ತದೆ.

ಈ ಶಿಷ್ಯೆ ನನಗೆ ದೊರೆತದ್ದು ಹೀಗೆ. ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೇಲಿನ ಇಂಗ್ಲಿಷನ್ನು ತಿದ್ದತೊಡಗಿದ್ದೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿಗೂ ಕೆಂಪು ಗುರುತು ಬಿದ್ದ ದಿನ ನಮ್ಮ ಮನೆಯಾಕೆ ಗುರಮ್ಮ ನಾರಾಯಣಪೇಟೆಯಲ್ಲಿರುವ ಮಗಳಿಗೆ ಫೋನು ಮಾಡಿ, ‘ನಿಮ್ಮಪ್ಪಗ ಏನಾರ ಒಂದು ಕೆಲಸ ಹಚ್ಚವ್ವ, ಇಲ್ಲಾಂದ್ರ ನಾ ತವರಿಗೆ ಹೋಗತೀನಿ’ ಅಂದಳು. ಮಗಳು ನನ್ನನ್ನು ಒಂದು ಅಂತರಜಾಲ ಕೂಟಕ್ಕೆ ಸೇರಿಸಿದಳು. ನಿವೃತ್ತ ಶಿಕ್ಷಕರು ಅಲ್ಲಿ ಜಗತ್ತಿನ ಯಾರಿಗೆ ಬೇಕಾದರೂ ಪುಕ್ಕಟೆ ಇಂಗ್ಲಿಷ್ ಹೇಳಿಕೊಡಬಹುದು. ಜಗತ್ತಿನಿಂದ ಬಂದವಳು ಮಿಸ್ ಲಿನ್ ಒಬ್ಬಳೇ.

ಆಕೆಗೆ ಹೇಳಿಕೊಡಲು ಏನೂ ಉಳಿದಿರಲಿಲ್ಲ ಎಂಬುದೇ ಮೊದಲ ಆಘಾತ. ದಿನಕ್ಕೆ ನಲವತ್ತು ಪದ ಬಾಯಿಪಾಠ ಮಾಡುತ್ತಿದ್ದಳು. ಹಳೆಯ ಕಾಲದ ಇಂಗ್ಲಿಷರು ಕೊಡೆಯ ಮೇಲೆ, ಕುರ್ಚಿಯ ಮೇಲೆ, ತಪ್ಪಿಹೋದ ರೈಲಿನ ಮೇಲೆ ಬರೆದ ಪ್ರಬಂಧಗಳನ್ನೆಲ್ಲ ಓದಿ ಅಂಚಿನಲ್ಲಿ ಇರುವೆ ಸಾಲಿನಂತೆ ಚೀನೀ ಅಕ್ಷರದ ಟಿಪ್ಪಣಿ ಬರೆದುಕೊಂಡಿದ್ದಳು. ಇಷ್ಟಾದರೂ ಪರದೇಶದ ಒಂದು ಕಾಲೇಜಿನ ಪ್ರವೇಶಕ್ಕೆ ಬರೆದ ಪ್ರಬಂಧ ಎರಡು ಸಲ ತಿರಸ್ಕೃತವಾಗಿತ್ತು. ‘ಪದಗಳಿವೆ, ಮನುಷ್ಯರಿಲ್ಲ’ ಎಂದು ಅವರು ಷರಾ ಬರೆದಿದ್ದರಂತೆ. ಮೂರನೆಯದೇ ಕೊನೆಯ ಅವಕಾಶ. ಈ ಸಲದ ವಿಷಯ, ‘ನಾನು ಕಾಣದ ಒಂದು ಊರು’. ‘ನಿಮ್ಮ ಊರಿನ ಬಗ್ಗೆ ಬರೆಯುತ್ತೇನೆ ಸರ್. ನೀವು ಮೊದಲು ಒಂದು ಮಾದರಿ ಕೊಡಿ’ ಎಂದಳು.

ಮಾದರಿ! ಆ ಪದ ಕಿವಿಗೆ ಬಿದ್ದೊಡನೆ ನನ್ನ ಕೈ ತಾನಾಗಿಯೇ ಬರೆಯತೊಡಗಿತು. ನನ್ನ ಹಳ್ಳಿ. ಊರ ಉತ್ತರಕ್ಕೆ ಒಂದು ನದಿ ಹರಿಯುತ್ತದೆ, ದಕ್ಷಿಣಕ್ಕೆ ಮಾವಿನ ತೋಪು, ನಡುವೆ ಸಂತುಷ್ಟ ಜನ. ಗೈಡಿನಲ್ಲಿದ್ದ ಈ ಪ್ರಬಂಧವನ್ನು ಮೂವತ್ತನಾಲ್ಕು ವರ್ಷ, ವರ್ಷಕ್ಕೆರಡು ಸಲದಂತೆ, ಕರಿಹಲಗೆಯ ಮೇಲೆ ಬರೆದವನು ನಾನು. ತೆಲುಗು ಸೀಮೆಯ ಅಂಚಿನಲ್ಲಿ, ಉಟ್ಕೂರಿನ ಹತ್ತಿರದ ನಮ್ಮ ಹಳ್ಳಿಯ ಉತ್ತರಕ್ಕೆ ಇರುವುದು ಬಂಡೆ. ದಕ್ಷಿಣಕ್ಕೆ ಅದಕ್ಕಿಂತ ಸ್ವಲ್ಪ ದೊಡ್ಡ ಬಂಡೆ. ನಡುವೆ ಬೋರ್‌ವೆಲ್ಲುಗಳು. ಬಹಳ ಹಿಂದೆ ಏಳನೆಯ ತರಗತಿಯ ನರಸಮ್ಮ ಎಂಬ ಹುಡುಗಿ ಎದ್ದು ನಿಂತು, ‘ಸಾರ್, ನಮ್ಮೂರಾಗ ಹೊಳಿ ಇಲ್ರೀ’ ಎಂದಿದ್ದಳು. ನಾನು ಗಂಭೀರವಾಗಿ, ‘ಊರಾಗ ಇಲ್ಲ, ಪರೀಕ್ಷಾದಾಗ ಐತಿ. ಬರಿ’ ಎಂದಿದ್ದೆ. ಬರೆದಳು, ಪಾಸಾದಳು. ಆಕೆಯ ಅನುಮಾನಕ್ಕೆ ಅಂದೇ ಉತ್ತರ ಕೊಟ್ಟಾಯಿತೆಂದು ತಿಳಿದಿದ್ದೆ. ‘ವರ್ಷಕ್ಕೆರಡು ಸಲ ಮಕ್ಕಳಿಗೆ ಬರೆಸುತ್ತಿದ್ದದ್ದು’ ಎಂಬ ಹೆಮ್ಮೆಯ ಟಿಪ್ಪಣಿಯೊಡನೆ ಮಾದರಿಯನ್ನು ಕಳಿಸಿಬಿಟ್ಟೆ.

ವಾರದಲ್ಲಿ ಮಿಸ್ ಲಿನ್‌ಳ ಪ್ರಬಂಧ ಬಂತು. ಎಂಥ ಪ್ರಬಂಧ! ನನ್ನ ನದಿಯ ದಂಡೆಯ ಮೇಲೆ ಕೂತು, ಮುದುಕ ಮಾಸ್ತರನೊಬ್ಬ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾನೆ. ಆತನ ಹೆಂಡತಿ ನೀರಿಗಿಳಿದು ಬಟ್ಟೆ ಒಗೆಯುತ್ತಾಳೆ. ಈ ಸಲ ಮನುಷ್ಯರಿದ್ದರು, ಪದಗಳೂ ಇದ್ದವು. ಇಲ್ಲದ್ದು ನದಿಯೊಂದೇ. ಕೆಳಗೆ ಒಂದು ಸಾಲು: ‘ಸರ್, ಶುಕ್ರವಾರ ಸಂಜೆ ಕಳಿಸಬೇಕು. ಸಂಗತಿಗಳನ್ನು ಪರಿಶೀಲಿಸುತ್ತಾರಂತೆ. ಭೂಪಟದಲ್ಲಿ ನಿಮ್ಮ ನದಿ ಕಾಣಲಿಲ್ಲ, ಅದರ ಹೆಸರೇನು?’

ಗುರಮ್ಮನಿಗೆ ಓದಿ ಹೇಳಿದೆ. ಆಕೆ ಕೊಡ ತಂದು ನನ್ನ ಮುಂದೆ ಇಟ್ಟಳು. ‘ನಳಕ್ಕ ನೀರು ಬಂದು ನಾಕ ದಿನ ಆತು. ಹೆಂಗೂ ಹೊಳಿ ಹರಿಸೀರಿ, ಒಂದು ಕೊಡ ತಂದ ಬಿಡ್ರಿ. ನಾನೂ ಬಟ್ಟಿ ಒಗೀತೀನಿ.’

ಮನೆಯಲ್ಲಿ ಸಾಂತ್ವನವಿಲ್ಲದವನು ಗದ್ವಾಲಕ್ಕೆ ಹೋಗುತ್ತಾನೆ. ಅಲ್ಲಿ ನನ್ನ ಹಳೆಯ ಸಹೋದ್ಯೋಗಿ ಹನುಮಂತು ಇದ್ದಾನೆ, ಸಮಾಜ ವಿಜ್ಞಾನದ ಮಾಸ್ತರ. ಮಖ್ತಲ್‌ನಲ್ಲಿ ಬಸ್ಸು ಬದಲಿಸಿದೆ. ಜುರಾಲ ಡ್ಯಾಮಿನ ಮೇಲೆ ಬಸ್ಸು ಸಾಗುವಾಗ ಕೃಷ್ಣೆ ಕಣ್ಣು ಕುಕ್ಕುವಂತೆ ಹರಡಿಕೊಂಡಿದ್ದಳು. ಮುಂದೆ ಧರೂರಿನ ಕಡೆ ಕಾಲುವೆಯ ಗುಂಟ ಭತ್ತ ಹಸಿರಾಗಿ ನಿಂತಿತ್ತು. ನನ್ನ ಪ್ರಬಂಧಕ್ಕೆ ಬೇಕಾದ ಸರಕೆಲ್ಲ ದೇವರು ಕೊಟ್ಟಿದ್ದ. ವಿಳಾಸ ಮಾತ್ರ ತಪ್ಪಿಸಿದ್ದ.

ಹನುಮಂತು ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. ‘ಹಂಗಾರ ಆ ಹೊಳಿ ನಿಂದೇನೋ! ನಿನ್ನ ಹುಡುಗ್ರು ನನ್ನ ಪೇಪರಿನ್ಯಾಗೂ ಊರ ಉತ್ತರಕ್ಕ ಹೊಳಿ ಹರಿಸ್ತಿದ್ರು. ವರ್ಷಾ ಎರಡೆರಡ ಮಾರ್ಕು ಕಟ್ ಮಾಡೀನಿ. ಹೊಳಿ ಹೊಂಟದ್ದು ನಿನ್ನ ಪಿರಿಯಡ್ಡಿನಾಗಿಂದ ಅಂತ ಈಗ ತಿಳೀತು.’

‘ನಗಬ್ಯಾಡೋ. ಈಗ ಏನ್ ಮಾಡ್ಲಿ?’

‘ಏಮುಂದಿ ಚೇಯಡಾನಿಕಿ?’ ತಮಾಷೆಗೆ ಆತನಿಗೆ ಕನ್ನಡವೇ ಆಗಬೇಕು, ಉಪದೇಶಕ್ಕೆ ಮಾತ್ರ ತೆಲುಗು. ಮಾಡೋದೇನಿದೆ ಎಂದು ಕೇಳಿ, ಮತ್ತೆ ಕನ್ನಡಕ್ಕೆ ಮರಳಿದ. ‘ಹೊಳಿ ಇಲ್ಲ ಅಂತ ಹೇಳು. ಎರಡು ಮಾತು. ಅದನ್ನ ಹೇಳಾಕ ಡಿಕ್ಷನರಿ ಬೇಕೇನು?’

ಬೇಕಾಯಿತು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಗುರುವಾರ ಬೆಳಿಗ್ಗೆ ಕೂತು ತಪ್ಪೊಪ್ಪಿಗೆ ಬರೆದೆ. ‘ಭೌಗೋಳಿಕ ವಾಸ್ತವಕ್ಕೂ ಸಾಹಿತ್ಯಿಕ ಸಂಪ್ರದಾಯಕ್ಕೂ ನಡುವೆ ಅನಿವಾರ್ಯವಾಗಿ ಉದ್ಭವಿಸಬಹುದಾದ ಕಿಂಚಿತ್ ಅಂತರವನ್ನು ತಾವು ಉದಾರ ಮನಸ್ಸಿನಿಂದ ಮನ್ನಿಸಬೇಕಾಗಿ’ ಎಂಬರ್ಥದ, ಅರ್ಧ ಪುಟದ ಒಂದೇ ಇಂಗ್ಲಿಷ್ ವಾಕ್ಯ. ಗಂಟೆಯೊಳಗೆ ಉತ್ತರ ಬಂತು. ‘ಧನ್ಯವಾದ ಸರ್. ಮೂರು ಹೊಸ ಪದ ಸಿಕ್ಕವು, ಬರೆದುಕೊಂಡೆ. ಮನ್ನಿಸಿ ಎಂದಿದ್ದೀರಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ನದಿಯ ಹೆಸರು ತಿಳಿಸಿ.’

ಅಂದು ಮಧ್ಯಾಹ್ನದ ಪಾಠಕ್ಕೆ ಫೋನಿನಲ್ಲಿ ಆಕೆಯ ಮುಖ ಮೂಡಿತು. ‘ಆ ನದಿಯ ಬಗ್ಗೆ...’ ಎಂದು ಆರಂಭಿಸಿ, ಹವಾಮಾನಕ್ಕೆ ಹೊರಳಿ, ಮಾವಿನ ಮರಗಳ ಹತ್ತಿರ ಬಂದು ನಿಂತೆ. ಅವೂ ಇಲ್ಲವಲ್ಲ ಎಂದು ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಗುರಮ್ಮ, ‘ಕೊಡ್ರಿ ಇಲ್ಲೆ’ ಎಂದು ಫೋನು ಕಸಿದುಕೊಂಡು ಹೊರಗೆ ನಡೆದಳು. ಆಕೆಗೆ ಇಂಗ್ಲಿಷಿನ ಗಂಧವಿಲ್ಲ. ‘ನೋಡವ್ವ, ಇದು ಬಂಡಿ. ಇದೂ ಬಂಡಿ. ಇದು ಬೋರು, ಬತ್ತೇತಿ. ಕೊಡಾ ಸಾಲಿಗಿ ಇಟ್ಟೀವಿ. ಹೊಳಿ ಎಲ್ಲೈತಿ? ಇಲ್ಲ, ಇಲ್ಲ’ ಎಂದು ಕೈಯಾಡಿಸಿ ತೋರಿಸಿದಳು. ಅರ್ಧ ಪುಟದ ನನ್ನ ವಾಕ್ಯ ತಿಳಿಸಲಾರದ್ದನ್ನು ಗುರಮ್ಮನ ಕೈ ತಿಳಿಸಿತು.

ಫೋನು ನನ್ನ ಕೈಗೆ ಮರಳಿದಾಗ ಮಿಸ್ ಲಿನ್ ಮೆಲ್ಲಗೆ, ‘ಸರ್, ನನ್ನ ಪ್ರಬಂಧ ಪೂರ್ತಿ ಆ ದಂಡೆಯ ಮೇಲೆ ನಿಂತಿದೆ’ ಎಂದಳು. ನಾನು ಹೇಳಿದೆ, ‘ನದಿ ಇಲ್ಲ.’ ಯಾವ ಗೈಡಿನಲ್ಲೂ ಇಲ್ಲದ, ಸ್ವಂತವಾಗಿ ನಾನಾಡಿದ ಮೊದಲ ಇಂಗ್ಲಿಷ್ ವಾಕ್ಯ ಅದೇ ಇರಬೇಕು. ಆಕೆ ಫೋನು ಇಟ್ಟಳು.

ಮುಂದಿನ ಮೂರು ವಾರ ನನ್ನ ಬಾಳಿನಲ್ಲಿ ಪಾಠವಿರಲಿಲ್ಲ. ಡೆಸ್ಪೇರ್ ಯಾವುದು, ಡೆಸ್ಪಾಂಡೆನ್ಸಿ ಯಾವುದು ಎಂಬುದು ಆಗ ಸ್ಪಷ್ಟವಾಗಿ ತಿಳಿಯಿತು, ಹೇಳಲು ಶಿಷ್ಯೆಯಿರಲಿಲ್ಲ. ಎರಡು ಸಲ ಸೋತ ಹುಡುಗಿಯನ್ನು ಮೂರನೆಯ ಸಲ ನನ್ನ ಕೈಯಾರೆ ಮುಳುಗಿಸಿದೆ, ಅದೂ ಇಲ್ಲದ ನೀರಿನಲ್ಲಿ.

ಕಡೆಗೆ ಒಂದು ದಿನ ಪತ್ರ ಬಂತು. ಆಯ್ಕೆಯಾಗಿದ್ದಳು. ಉಳಿದಿದ್ದ ಒಂದೇ ದಿನದಲ್ಲಿ ಪ್ರಬಂಧವನ್ನು ಬುಡದಿಂದ ತಿರುಗಿ ಬರೆದಳಂತೆ. ಬಂಡೆಗಳ ನಡುವಿನ ಊರು. ಮಕ್ಕಳಿಗೆ ವರ್ಷಕ್ಕೆರಡು ಸಲ ನದಿ ದಯಪಾಲಿಸುವ ಮಾಸ್ತರ. ಖಾಲಿ ಕೊಡದ ಪಕ್ಕ ನಿಂತು ಇಲ್ಲ, ಇಲ್ಲ ಎಂದು ಕೈಯಾಡಿಸುವ ಹೆಂಡತಿ. ತನ್ನ ಶಾಲೆಯಲ್ಲೂ ಎಲ್ಲರೂ ಇಲ್ಲದ ಒಂದು ತಾವರೆಕೊಳದ ಬಗ್ಗೆ ಬರೆಯುತ್ತಿದ್ದರು ಎಂದೂ ಸೇರಿಸಿದ್ದಳು. ‘ಇನ್ನು ಪಾಠ ಬೇಡ ಸರ್, ತುಂಬಾ ಕಲಿತೆ. ಪ್ರಬಂಧ ಲಗತ್ತಿಸಿದ್ದೇನೆ, ತಪ್ಪಿದ್ದರೆ ತಿದ್ದಿ.’

ಕೆಂಪು ಪೆನ್ನು ಹಿಡಿದು ಓದಿದೆ. ಒಂದೂ ತಪ್ಪಿರಲಿಲ್ಲ. ಕೊನೆಯ ಸಾಲು ಮಾತ್ರ, ‘ನನ್ನ ಗುರುಗಳು ಇಂಥ ಮನುಷ್ಯ’ ಎಂದಿತ್ತು. ಆ ‘ಇಂಥ’ ಎಂಬಲ್ಲಿ ಹನ್ನೊಂದು ಅಕ್ಷರಗಳ, ನಾನು ಈ ಜನ್ಮದಲ್ಲಿ ಕಾಣದ ಒಂದು ಪದ. ಅರ್ಥ ಗೊತ್ತಿಲ್ಲದ ಪದ ಕಂಡೊಡನೆ ಡಿಕ್ಷನರಿ ತೆರೆಯದವನು ಮನುಷ್ಯನೇ ಅಲ್ಲ ಎಂದು ಮೂವತ್ತನಾಲ್ಕು ವರ್ಷ ಬೈದವನು ನಾನು. ಡಿಕ್ಷನರಿ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಕನ್ನಡಕ ತೆಗೆದಿಟ್ಟೆ.

‘ಏನಂತ ಬರದಾಳ್ರೀ ನಿಮ್ಮ ಬಗ್ಗೆ?’ ಗುರಮ್ಮ ಬಂದು ಇಣುಕಿದಳು. ಪದವನ್ನು ತೋರಿಸಿದೆ. ‘ಹಂಗಂದ್ರ ಏನು?’

‘ಚಲೋ ಪ್ರಶ್ನೆ’ ಎಂದೆ. ‘ನಾಳೆ ನೋಡೋಣು.’